ಅಂಚಿನಲ್ಲಿ ಅಡಗಿದ ದೋಷಗಳು

ಮರದ ಮೀಟರ್ ಪಟ್ಟಿಯಿಂದ ಉದ್ದವನ್ನು ಅಳೆಯುವಾಗ ವಸ್ತುವಿನ ತುದಿಯನ್ನು ಸೊನ್ನೆಯ ಗುರುತಿಗೆ ತಾಗಿಸದೆ, ಒಳಗಿನ ಯಾವುದಾದರೊಂದು ಗೆರೆಗೆ ಹೊಂದಿಸಬೇಕೆಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುವುದುಂಟು. ಕಾರಣ ಸರಳವಾದುದು. ಪಟ್ಟಿಯ ನಡುಭಾಗ ಎಷ್ಟು ವರ್ಷ ಬಳಸಿದರೂ ಹೆಚ್ಚು ಕೆಡುವುದಿಲ್ಲ. ಸವೆಯುವುದು ಅದರ ಅಂಚು. ಉಪಕರಣಗಳನ್ನು ಅವುಗಳ ವ್ಯಾಪ್ತಿಯ ಮಧ್ಯದಲ್ಲಿ ನಂಬಬಹುದು. ಕೊನೆಗಳಲ್ಲಿ ಮಾತ್ರ ಪರೀಕ್ಷಿಸಿಯೇ ನಂಬಬೇಕು. ಕಂಪ್ಯೂಟರಿಗೆ ಬರೆದ ಪ್ರೋಗ್ರಾಮಿಗೆ ಮರದ ಹಾಗೆ ಸವೆತವೆಂಬುದಿಲ್ಲ. ಆದಾಗ್ಯೂ ಅದರ ದೋಷಗಳು ಕೂಡ ಅಂಚಿನಲ್ಲಿಯೇ ಮನೆಮಾಡಿಕೊಂಡಿರುತ್ತವೆ ಎಂಬುದು ಸ್ವಾರಸ್ಯದ ಸಂಗತಿ. ಅಂತಹ ಕೆಲವು ದೋಷಗಳ ಕಥೆಯನ್ನು, ಅವುಗಳನ್ನು ಕಂಡವರು ಏನು ಮಾಡಿದರೆಂಬುದನ್ನು ಇಲ್ಲಿ ನೋಡೋಣ.

ಜಾವಾ, ಪೈಥಾನ್ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳೊಡನೆ ಒಂದು ಸಿದ್ಧಭಂಡಾರ ಬರುತ್ತದೆ. ಇದಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ವರ್ಗಮೂಲ ತೆಗೆಯುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಪಟ್ಟಿಯೊಂದರಲ್ಲಿ ಬೇಕಾದುದನ್ನು ಹುಡುಕುವುದು ಇವೇ ಮುಂತಾದ ನಿತ್ಯದ ಕೆಲಸಗಳನ್ನು ನುರಿತವರು ಒಮ್ಮೆ ಬರೆದಿಟ್ಟಿರುತ್ತಾರೆ. ಉಳಿದವರೆಲ್ಲರೂ ಅದನ್ನೇ ಕರೆದು ಬಳಸುತ್ತಾರೆ. ಊರಿಗೆಲ್ಲ ಒಂದೇ ಬಾವಿ ಇದ್ದಂತೆ. ನೀರು ಕೆಟ್ಟರೆ ಕೆಡುವುದು ಒಂದು ಮನೆಯಲ್ಲ, ಇಡೀ ಊರು. ಆದುದರಿಂದಲೇ ಈ ಭಂಡಾರದಲ್ಲಿನ ಸಣ್ಣ ದೋಷವೂ ಸಣ್ಣದೆನಿಸುವುದಿಲ್ಲ.

ಮೊದಲು ಒಂದು ಪುಟ್ಟ ಉದಾಹರಣೆ. ದಶಮಾಂಶ ಸಂಖ್ಯೆಯನ್ನು ಅತ್ಯಂತ ಸಮೀಪದ ಪೂರ್ಣಾಂಕಕ್ಕೆ ಸರಿಹೊಂದಿಸುವ ಕ್ರಮ ನಿಮಗೆ ತಿಳಿದದ್ದೇ. ಸಂಖ್ಯೆಗೆ ಅರ್ಧವನ್ನು ಕೂಡಿಸಿ, ಬಂದ ಮೊತ್ತದ ಭಿನ್ನಭಾಗವನ್ನು ಬಿಟ್ಟರೆ ಆಯಿತು: 2.7ಕ್ಕೆ 0.5 ಸೇರಿದರೆ 3.2, ಉತ್ತರ 3. ಜಾವಾ ಭಾಷೆಯ ಆರನೆಯ ಆವೃತ್ತಿಯವರೆಗೆ ಇದೇ ಉಪಾಯವಿತ್ತು. ಆದರೆ 0.49999999999999994 ಎಂಬ ಸಂಖ್ಯೆಯನ್ನು ಕೊಟ್ಟಾಗ ಬಂದ ಉತ್ತರ 1! ಅರ್ಧಕ್ಕಿಂತ ಕಿರಿದಾದ ಸಂಖ್ಯೆಗೆ ಸಮೀಪದ ಪೂರ್ಣಾಂಕ ಸೊನ್ನೆಯಲ್ಲವೆ?

ಹೀಗೇಕಾಯಿತು? ಯಂತ್ರವು ಸಂಖ್ಯೆಗಳನ್ನು 53 ದ್ವಿಮಾನ ಅಂಕಿಗಳಷ್ಟು ನಿಖರವಾಗಿ ಮಾತ್ರ ಹಿಡಿದಿಡಬಲ್ಲುದು. ಆದ್ದರಿಂದ ಅದರ ಸಂಖ್ಯಾರೇಖೆ ಅಖಂಡವಾದ ಗೆರೆಯಲ್ಲ, ಬಿಡಿ ಚುಕ್ಕೆಗಳ ಸಾಲು. ಅರ್ಧಕ್ಕೆ ಒತ್ತಿನಲ್ಲಿ, ಕೆಳಗಡೆ ಇರುವ ಚುಕ್ಕೆಯೇ ಮೇಲಿನ ಸಂಖ್ಯೆ. ಅರ್ಧಕ್ಕೂ ಅದಕ್ಕೂ ಇರುವ ಅಂತರ, ಒಂದನ್ನು 2ರ 54ನೆಯ ಘಾತದಿಂದ ಭಾಗಿಸಿದಷ್ಟು. ಅರ್ಧದಿಂದ ಒಂದರವರೆಗಿನ ಚುಕ್ಕೆಗಳಾದರೋ ಇದರ ಎರಡರಷ್ಟು ವಿರಳ. ಹಾಗಾಗಿ ನಮ್ಮ ಸಂಖ್ಯೆಗೆ ಅರ್ಧ ಸೇರಿಸಿದಾಗ ಬರುವ ನಿಜವಾದ ಮೊತ್ತ ಎರಡು ಚುಕ್ಕೆಗಳ ನಟ್ಟನಡುವೆ ಬೀಳುತ್ತದೆ. ಆಗ ಕೊನೆಯ ಅಂಕಿ ಸಮವಾಗಿರುವ ಚುಕ್ಕೆಯನ್ನು ಆರಿಸಬೇಕೆಂಬುದು ಯಂತ್ರದ ನಿಯಮ. ಆ ಚುಕ್ಕೆಯೇ 1. ಕೂಡುವಿಕೆ ನಿಯಮದಂತೆ ನಡೆದಿದೆ, ಉಪಾಯವೂ ತೋರಿಕೆಗೆ ಸರಿಯಾಗಿದೆ. ಎರಡೂ ಸೇರಿದಾಗ ಉತ್ತರ ತಪ್ಪಿದೆ. ಈ ಲೋಪ ವರದಿಯಾಗಿ, ಏಳನೆಯ ಆವೃತ್ತಿಯಲ್ಲಿ ಸರಿಹೋಯಿತು.

ಎರಡನೆಯ ಕಥೆ ಇದಕ್ಕಿಂತ ಪ್ರಸಿದ್ಧವಾದುದು. ನಿಘಂಟಿನಲ್ಲಿ ಪದವನ್ನು ಹುಡುಕುವವನು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ನಡುವೆ ತೆರೆಯುತ್ತಾನೆ, ಬೇಕಾದ ಪದ ಹಿಂದೋ ಮುಂದೋ ಎಂದು ನೋಡಿ, ಆ ಅರ್ಧವನ್ನು ಮತ್ತೆ ಅರ್ಧಮಾಡುತ್ತಾನೆ. ಹತ್ತು ಲಕ್ಷ ಪದಗಳಿದ್ದರೂ ಇಪ್ಪತ್ತು ಸಲ ನೋಡಿದರೆ ಸಾಕು. ಇದೇ ದ್ವಿಭಾಜನ ಶೋಧ. ಇಷ್ಟು ಸುಲಭವಾದ ಈ ಕ್ರಮ ಮೊದಲು ಪ್ರಕಟವಾದದ್ದು 1946ರಲ್ಲಿ. ಎಲ್ಲ ಗಾತ್ರದ ಪಟ್ಟಿಗಳಿಗೂ ಒಪ್ಪುವ ರೂಪ ಬರಲು ಮತ್ತೆ ಸುಮಾರು ಹದಿನೈದು ವರ್ಷ ಹಿಡಿಯಿತು. ಜಾನ್ ಬೆಂಟ್ಲಿ ಎಂಬ ವಿದ್ವಾಂಸರು 1986ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಬರೆದು, ಸರಿಯೆಂದು ತರ್ಕಬದ್ಧವಾಗಿ ಸಾಧಿಸಿಯೂ ತೋರಿಸಿದರು. ಅವರ ತರಗತಿಯಲ್ಲಿ ಕುಳಿತಿದ್ದ ಜಾಶುವಾ ಬ್ಲಾಕ್ ಮುಂದೆ ಜಾವಾ ಭಂಡಾರಕ್ಕೆ ಇದೇ ಶೋಧವನ್ನು ಬರೆದುಕೊಟ್ಟರು.

ಅದರಲ್ಲಿ ದೋಷವಿದೆಯೆಂದು 2006ರಲ್ಲಿ ಬ್ಲಾಕ್ ಅವರೇ ಲೋಕಕ್ಕೆ ಸಾರಿದರು. ಯಾರದೋ ಪ್ರೋಗ್ರಾಂ ಮುರಿದುಬಿದ್ದು, ಆತ ಜಾವಾದ ಅಂದಿನ ಒಡೆಯರಾದ ಸನ್ ಸಂಸ್ಥೆಗೆ ಅದನ್ನು ವರದಿಮಾಡಿದ್ದ. ದೋಷವಿದ್ದದ್ದು ಎಲ್ಲಿ? ಮಧ್ಯಸ್ಥಾನವನ್ನು ಕಂಡುಹಿಡಿಯಲು ಎರಡು ತುದಿಗಳ ಸ್ಥಾನಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸುವ ಸಾಲಿನಲ್ಲಿ! ಜಾವಾದ ಸಾಮಾನ್ಯ ಪೂರ್ಣಾಂಕ ಗರಿಷ್ಠವೆಂದರೆ 2,14,74,83,647. ತುದಿಗಳು 120 ಕೋಟಿ ಮತ್ತು 130 ಕೋಟಿ ಎನ್ನೋಣ. ಮೊತ್ತ 250 ಕೋಟಿ ಆ ಮಿತಿಯನ್ನು ದಾಟಿತು. ಆಗ ಯಂತ್ರವು ದೂರಮಾಪಕದ ಅಂಕಿಗಳು ಸುತ್ತು ತಿರುಗಿ ಮೊದಲಿಗೆ ಬರುವಂತೆ ಮೊತ್ತವನ್ನು ಋಣಸಂಖ್ಯೆಯಾಗಿ ಓದುತ್ತದೆ: −1,79,49,67,296. ಇದರ ಅರ್ಧವೂ ಋಣವೇ. ಅಂತಹ ಸ್ಥಾನ ಯಾವ ಪಟ್ಟಿಯಲ್ಲಿಯೂ ಇಲ್ಲವಾದ್ದರಿಂದ ಪ್ರೋಗ್ರಾಂ ನಿಂತುಹೋಗುತ್ತದೆ. ಪರಿಹಾರವಾದರೋ ಮಾಧ್ಯಮಿಕ ಶಾಲೆಯ ಬೀಜಗಣಿತ. ತುದಿಗಳ ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಕೂಡಿಸಬೇಕು. 120 ಕೋಟಿಗೆ 5 ಕೋಟಿ ಸೇರಿ 125 ಕೋಟಿ. ಎಲ್ಲಿಯೂ ಮಿತಿ ದಾಟುವುದಿಲ್ಲ.

ಬೆಂಟ್ಲಿಯವರ ಸಾಧನೆ ಹಾಗಾದರೆ ಸುಳ್ಳೆ? ಗಣಿತದ ಪೂರ್ಣಾಂಕಗಳಿಗೆ ಅದು ಸತ್ಯ. ಯಂತ್ರದ ಪೂರ್ಣಾಂಕಗಳಿಗೆ ಅಲ್ಲ. ನೂರು ಕೋಟಿಗೂ ಮಿಕ್ಕಿದ ಪಟ್ಟಿಯನ್ನು 1986ರಲ್ಲಿ ಯಾರೂ ಎಣಿಸುತ್ತಿರಲಿಲ್ಲವಾಗಿ ವ್ಯತ್ಯಾಸ ಬೆಳಕಿಗೆ ಬರಲಿಲ್ಲ. ಪ್ರೋಗ್ರಾಂ ಇದ್ದಲ್ಲಿಯೇ ಇತ್ತು. ಯಂತ್ರಗಳು ಬೆಳೆದು, ದೂರದಲ್ಲಿದ್ದ ಅಂಚು ಹತ್ತಿರಕ್ಕೆ ಬಂದಿತು.

ಇನ್ನು ವರದಿಮಾಡಿಯೂ ಕೇಳದೆ ಹೋದ ಪ್ರಸಂಗ. ಎಣಿಸಲಾರದಷ್ಟು ಸಣ್ಣ ಸಂಖ್ಯೆಗಳಿಗೂ ಯಂತ್ರದಲ್ಲಿ ಒಂದು ಗಡಿಯುಂಟು. ಆ ಗಡಿಯ ಕೆಳಗೆ ಸಂಖ್ಯೆಗಳ ನಿಖರತೆ ಕ್ರಮೇಣ ಕುಗ್ಗುತ್ತದೆ. 2.2250738585072012 ಎಂಬುದನ್ನು 10ರ 308ನೆಯ ಘಾತದಿಂದ ಭಾಗಿಸಿದರೆ ಬರುವ ಸಂಖ್ಯೆ ಆ ಗಡಿಗೆ ತಾಗಿಕೊಂಡಿದೆ. ಇದನ್ನು ಅಕ್ಷರರೂಪದಲ್ಲಿ ಕೊಟ್ಟು ಸಂಖ್ಯೆಯಾಗಿ ಪರಿವರ್ತಿಸೆಂದರೆ ಜಾವಾ ಭಂಡಾರವು ಗಡಿಯ ಈಚೆಗೊಮ್ಮೆ ಆಚೆಗೊಮ್ಮೆ ತನ್ನ ಉತ್ತರವನ್ನು ತಿದ್ದುತ್ತ, ಕೊನೆಯಿಲ್ಲದೆ ಸುತ್ತುತ್ತಿತ್ತು. ಈ ವಿಷಯ 2001ರಲ್ಲಿಯೇ ಜಾವಾದ ದೋಷದಾಖಲೆಯಲ್ಲಿ ಸೇರಿತ್ತು. ಇಂತಹ ವಿಚಿತ್ರ ಸಂಖ್ಯೆಯನ್ನು ಯಾರು ತಾನೆ ಕೊಡುತ್ತಾರೆ ಎಂದು ತೋರುವುದು ಸಹಜವೇ. ಆದರೆ 2011ರ ಜನವರಿಯಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಇದರ ನೆರೆಯ ಸಂಖ್ಯೆಯೊಂದು ಇಂತಹುದೇ ಅವಾಂತರ ಮಾಡಿತು. ಒಡನೆಯೇ ಜಾವಾದ ಹಳೆಯ ದೋಷದ ಕಡೆಗೂ ಎಲ್ಲರ ಕಣ್ಣು ಹರಿಯಿತು. ದುರುದ್ದೇಶದವನೊಬ್ಬ ಈ ಒಂದು ಸಂಖ್ಯೆಯನ್ನು ದೂರದಿಂದ ಕಳುಹಿಸಿ, ಇತರರಿಗೆ ಸೇವೆ ಸಲ್ಲಿಸುತ್ತಿರುವ ಕಂಪ್ಯೂಟರನ್ನು ಸ್ತಬ್ಧಗೊಳಿಸಬಹುದಾಗಿತ್ತು! ಆಗ ಜಾವಾದ ಒಡೆತನ ಹೊಂದಿದ್ದ ಆರಕಲ್ ಸಂಸ್ಥೆ ಫೆಬ್ರವರಿಯಲ್ಲಿ ತುರ್ತಾಗಿ ತಿದ್ದುಪಡಿ ಹೊರಡಿಸಿತು. ಅಂಚು ಅಪರೂಪವೆಂಬುದು ಸಾಮಾನ್ಯ ಬಳಕೆದಾರನ ಲೆಕ್ಕ. ಕೇಡು ಬಗೆಯುವವನು ಅಂಚನ್ನೇ ಹುಡುಕಿಕೊಂಡು ಬರುತ್ತಾನೆ.

ವರದಿ ಒಳ್ಳೆಯದಾಗಿದ್ದರೂ ಚಿಕಿತ್ಸೆ ಅರೆಬರೆಯಾದರೆ ಏನಾಗುತ್ತದೆ? ಪೈಥಾನ್ ಭಾಷೆಗೆ 2002ರಲ್ಲಿ ಟಿಮ್ ಪೀಟರ್ಸ್ ರಚಿಸಿದ ಜೋಡಣಾಕ್ರಮಕ್ಕೆ ಟಿಮ್‌ಸಾರ್ಟ್ ಎಂದು ಹೆಸರು. ಜಾವಾ ಕೂಡ ಅದನ್ನು ಎರವಲು ಪಡೆಯಿತು. ಪಟ್ಟಿಯಲ್ಲಿ ಈಗಾಗಲೇ ಕ್ರಮದಲ್ಲಿರುವ ತುಣುಕುಗಳನ್ನು ಗುರುತಿಸಿ, ಅವುಗಳ ಉದ್ದಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಬಳಿಕ ಬೆಸೆಯುವುದು ಇದರ ರೀತಿ. ಪ್ರತಿಯೊಂದು ಉದ್ದವೂ ಅದರ ಮೇಲಿನ ಎರಡರ ಮೊತ್ತಕ್ಕಿಂತ ಹೆಚ್ಚಾಗಿರಬೇಕೆಂಬುದು ನಿಯಮ. ಆಗ ಉದ್ದಗಳು ಫಿಬೊನಾಚಿ ಶ್ರೇಣಿಯಂತೆ ಬೇಗ ಬೆಳೆಯುವುದರಿಂದ ಪೇರಿಕೆಗೆ ಸ್ವಲ್ಪ ಜಾಗ ಸಾಕು. ಸ್ಟೈನ್ ದ ಹೌವ್ ಮತ್ತು ಸಂಗಡಿಗರು 2015ರಲ್ಲಿ ಈ ಕ್ರಮ ಸರಿಯೆಂದು ಸಾಧಿಸಹೊರಟು, ಸಾಧಿಸಲಾಗದೆ ಹೋದಾಗ, ಕಾರಣ ಹುಡುಕಿದರು. ಪ್ರೋಗ್ರಾಂ ಆ ನಿಯಮವನ್ನು ಪೇರಿಕೆಯ ತುದಿಯಲ್ಲಿ ಮಾತ್ರ ನೋಡುತ್ತಿತ್ತು. ಒಳಗೆ ನಿಯಮ ಮುರಿದರೂ ತಿಳಿಯುತ್ತಿರಲಿಲ್ಲ. 6,71,08,864 ಅಂಶಗಳ ಪಟ್ಟಿಯೊಂದನ್ನು ಹವಣಿಸಿ ಜಾವಾದ ಕ್ರಮ ಮುರಿಯುವುದನ್ನು ಅವರು ತೋರಿಸಿಕೊಟ್ಟರು. ಪೈಥಾನಿನವರು ದೋಷವನ್ನು ಮೂಲದಲ್ಲಿಯೇ ತಿದ್ದಿದರು. ಅಲ್ಲಿ ಅದು ಪ್ರಕಟವಾಗಬೇಕಾದರೆ ಬೇಕಾದಷ್ಟು ದೊಡ್ಡ ಪಟ್ಟಿ ಯಾವ ಯಂತ್ರದಲ್ಲಿಯೂ ಹಿಡಿಸುತ್ತಿರಲಿಲ್ಲ, ಆದರೂ ತಿದ್ದಿದರು. ಜಾವಾದವರು ಪೇರಿಕೆಯ ಜಾಗವನ್ನಷ್ಟೇ ಹಿಗ್ಗಿಸಿದರು. ಹಿಗ್ಗಿಸಿದ ಜಾಗವೂ ಸಾಲದೆಂದು ಫ್ರಾನ್ಸಿನ ಸಂಶೋಧಕರು 2018ರಲ್ಲಿ ತೋರಿಸಿದ ಮೇಲೆ ಮತ್ತೆ ದುರಸ್ತಿ ನಡೆಯಬೇಕಾಯಿತು.

ಇದನ್ನೆಲ್ಲ ಓದಿದ ವಿದ್ಯಾರ್ಥಿಗೆ, ತನಗೂ ಇಂತಹುದು ಕಂಡರೆ ಏನು ಮಾಡಬೇಕೆಂಬ ಪ್ರಶ್ನೆ ಏಳಬಹುದು. ಈ ಭಾಷೆಗಳ ದೋಷದಾಖಲೆಗೆ ಯಾರು ಬೇಕಾದರೂ ವರದಿ ಕಳುಹಿಸಬಹುದು; ಪದವಿಯ ಅವಶ್ಯಕತೆಯಿಲ್ಲ. ಆದರೆ ಮೊದಲು ಅದು ದೋಷವೇ ಎಂದು ವಿಚಾರಿಸಬೇಕು. 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುವುದು ದೋಷವಲ್ಲ, ಚುಕ್ಕೆಗಳ ಸಂಖ್ಯಾರೇಖೆಯ ಸ್ವಭಾವ. ಪೈಥಾನ್ 3ರಲ್ಲಿ 2.5ನ್ನು ಪೂರ್ಣಾಂಕವಾಗಿಸಿದರೆ 2 ಬರುವುದೂ ದೋಷವಲ್ಲ. ಸಮಸಂಖ್ಯೆಯ ಕಡೆಗೆ ಸರಿಯಬೇಕೆಂದು ಕೈಪಿಡಿಯಲ್ಲಿಯೇ ಬರೆದಿದೆ. ಕೈಪಿಡಿಯ ಮಾತಿಗೂ ಯಂತ್ರದ ನಡತೆಗೂ ವಿರೋಧ ಕಂಡರೆ ಮುಂದುವರಿಯಬಹುದು. ಸಾವಿರ ಸಾಲಿನ ಪ್ರೋಗ್ರಾಮನ್ನು ಹಾಗೆಯೇ ಕಳುಹಿಸುವುದು ತರವಲ್ಲ. ಒಂದೊಂದೇ ಸಾಲನ್ನು ತೆಗೆಯುತ್ತ, ಇನ್ನೂ ತೆಗೆದರೆ ದೋಷವೇ ಮಾಯವಾಗುವಷ್ಟು ಚಿಕ್ಕದಾಗಿ ಮಾಡಬೇಕು. ಕೊಟ್ಟದ್ದೇನು, ನಿರೀಕ್ಷಿಸಿದ್ದೇನು, ಬಂದದ್ದೇನು, ಆವೃತ್ತಿ ಯಾವುದು ಎಂಬ ನಾಲ್ಕು ಸಂಗತಿಗಳನ್ನು ನಿಚ್ಚಳವಾಗಿ ಬರೆಯಬೇಕು. ನಮ್ಮ ಪ್ರಯೋಗ ಪುಸ್ತಕದ ಶಿಸ್ತೂ ಇದೇ ಅಲ್ಲವೆ? ಇನ್ನೊಬ್ಬನು ತನ್ನ ಮೇಜಿನ ಮೇಲೆ ಮತ್ತೆ ಮಾಡಿ ನೋಡಲಾಗದ ಪ್ರಯೋಗಕ್ಕೆ ವಿಜ್ಞಾನದಲ್ಲಿ ಬೆಲೆಯಿಲ್ಲ.

ಯಾವ ಅಂಚುಗಳನ್ನು ತಡಕಬೇಕು? ಸೊನ್ನೆ, ಬರಿದಾದ ಪಟ್ಟಿ, ಒಂದೇ ಅಂಶವಿರುವ ಪಟ್ಟಿ, ಅತಿ ದೊಡ್ಡ ಪೂರ್ಣಾಂಕ, ಅತಿ ಸಣ್ಣ ಭಿನ್ನರಾಶಿ, ಎರಡು ನಿಯಮಗಳು ಕೂಡುವ ಗಡಿ. ಪಟ್ಟಿ ದೊಡ್ಡದೇನೂ ಅಲ್ಲ. ತಾಳ್ಮೆಯಿಂದ ನೋಡುವವರು ಮಾತ್ರ ಕಡಿಮೆ.

ಬ್ಲಾಕ್ ಅವರ ಲೇಖನದಲ್ಲಿ, ದ್ವಿಭಾಜನ ಶೋಧದ ದೋಷವನ್ನು ವರದಿಮಾಡಿದವನ ಹೆಸರಿಲ್ಲ. ತನ್ನ ಪ್ರೋಗ್ರಾಂ ಮುರಿದಾಗ ಆತ ಹೇಗೋ ಸುಧಾರಿಸಿಕೊಂಡು ಸುಮ್ಮನಾಗಬಹುದಿತ್ತು. ಸುಮಾರು ಒಂಬತ್ತು ವರ್ಷ ಜಾವಾ ಭಂಡಾರದಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದ ದೋಷ ಇನ್ನಷ್ಟು ಕಾಲ ಅಲ್ಲಿಯೇ ಉಳಿಯುತ್ತಿತ್ತು. ಆತ ತಿಳಿಸಿದ, ಬಾವಿಯ ನೀರು ಊರಿಗೆಲ್ಲ ಶುದ್ಧವಾಯಿತು.