ಮೀಟರ್ ಕೋಲಿನಿಂದ ತೇಜಸ್ ವಿಮಾನದವರೆಗೆ: ಹಾರಾಟ ನಿಯಂತ್ರಣದ ಪಾಠ

ಬಜ್ಪೆಯಲ್ಲಿ ಇಳಿಯುವ ವಿಮಾನಗಳು ನಮ್ಮ ಮಕ್ಕಳಿಗೆ ಹೊಸದಲ್ಲ. ಅವನ್ನು ಹಾರಿಸುವವರು ಯಾರು ಎಂದು ಪ್ರೌಢಶಾಲಾ ತರಗತಿಯಲ್ಲಿ ಕೇಳಿದರೆ 'ಪೈಲಟ್' ಎಂಬ ಉತ್ತರವೂ ಬರಬಹುದು, 'ಕಂಪ್ಯೂಟರ್' ಎಂಬುದೂ ಬರಬಹುದು. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು ಪಾಠ ಆರಂಭಿಸಬಹುದು.

ಪೂರ್ವಜ್ಞಾನಕ್ಕೆ ಸೈಕಲ್ಲಿನ ಬ್ರೇಕ್ ಸಾಕು. ಹಳೆಯ ವಿಮಾನಗಳಲ್ಲಿ ಪೈಲಟ್ ಎಳೆದ ಕೋಲಿನ ಚಲನೆ ಉಕ್ಕಿನ ತಂತಿ, ರಾಟೆಗಳ ಮೂಲಕ ರೆಕ್ಕೆ ಮತ್ತು ಬಾಲದ ಫಲಕಗಳನ್ನು ತಲುಪುತ್ತಿತ್ತು. 'ಫ್ಲೈ-ಬೈ-ವೈರ್' ವ್ಯವಸ್ಥೆಯಲ್ಲಿ ಅದು ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಪೈಲಟ್ ಬಯಸಿದ್ದೇನು, ವಿಮಾನ ಈಗ ಮಾಡುತ್ತಿರುವುದೇನು ಎಂದು ಕಂಪ್ಯೂಟರ್ ಸೆಕೆಂಡಿಗೆ ಹತ್ತಾರು ಬಾರಿ ಹೋಲಿಸಿ, ವ್ಯತ್ಯಾಸದಷ್ಟು ಫಲಕಗಳನ್ನು ಸರಿಸುತ್ತದೆ. ಇದೇ ಹಿಮ್ಮಾಹಿತಿ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ಇಂಥ ಡಿಜಿಟಲ್ ವ್ಯವಸ್ಥೆಯ ಮೊದಲ ಪ್ರಯಾಣಿಕ ವಿಮಾನ.

ಚಟುವಟಿಕೆ 1: ವಿದ್ಯಾರ್ಥಿಯೊಬ್ಬರು ಮೀಟರ್ ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಲಿ. ಕಣ್ಣು ಸಂವೇದಕ, ಮಿದುಳು ಕಂಪ್ಯೂಟರ್, ಕೈ ಫಲಕ. ಈಗ ಕಣ್ಣು ಮುಚ್ಚಲಿ, ಕೋಲು ಬೀಳುತ್ತದೆ.

ತೇಜಸ್ ಯುದ್ಧವಿಮಾನವೂ ಈ ಕೋಲಿನಂತೆಯೇ. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸಗೊಳಿಸಲಾಗಿದೆ. ಕಂಪ್ಯೂಟರ್ ಇಲ್ಲದೆ ಅದನ್ನು ಹಾರಿಸಲಾಗದು. 1998ರ ಅಣು ಪರೀಕ್ಷೆಯ ನಂತರ ಅಮೆರಿಕದ ಸಹಕಾರ ನಿಂತಾಗ ಈ ನಿಯಂತ್ರಣ ವ್ಯವಸ್ಥೆಯನ್ನು ನಮ್ಮ ಎಂಜಿನಿಯರುಗಳೇ ಪೂರ್ಣಗೊಳಿಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಅದರಲ್ಲಿರುವುದು ನಾಲ್ಕು ಸಮಾನಾಂತರ ವಾಹಿನಿಗಳು. ನಾಲ್ಕೇಕೆ?

ಚಟುವಟಿಕೆ 2: ಒಂದೇ ಬೆಂಚನ್ನು ನಾಲ್ವರು ಅಳೆಯಲಿ. ಒಬ್ಬರ ಅಳತೆ ಬೇರೆಯಾದರೆ ಅದನ್ನು ಬಿಡುತ್ತೇವೆ. ಉಳಿದ ಮೂವರಲ್ಲಿ ಇನ್ನೊಬ್ಬರು ತಪ್ಪಿದರೂ ಬಹುಮತ ಉಳಿಯುತ್ತದೆ. ಇಬ್ಬರೇ ಇದ್ದರೆ ತಪ್ಪಾಗಿದೆ ಎಂದು ತಿಳಿಯುತ್ತದೆ, ಯಾರದ್ದೆಂದು ತಿಳಿಯದು. ಒಬ್ಬರೇ ಇದ್ದರೆ ತಪ್ಪಾದದ್ದೂ ತಿಳಿಯದು.

ಇದು ಬರಿಯ ಲೆಕ್ಕವಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಒಂದು ತಂತ್ರಾಂಶ ಒಂದೇ ಸಂವೇದಕದ ಮಾತು ನಂಬಿ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳಿತು. 2018 ಮತ್ತು 2019ರ ಎರಡು ದುರಂತಗಳಲ್ಲಿ 346 ಮಂದಿ ಸತ್ತರು.

ಕೊನೆಗೆ ಕಪ್ಪುಹಲಗೆಯ ಎರಡು ಉತ್ತರಗಳಿಗೆ ಮರಳಿದರೆ, ಎಲ್ಲಿಗೆ ಹೋಗಬೇಕೆಂದು ಹೇಳುವವರು ಪೈಲಟ್, ಹೇಳಿದಂತೆ ಆಗುತ್ತಿದೆಯೇ ಎಂದು ನೋಡಿ ತಿದ್ದುವುದು ಕಂಪ್ಯೂಟರ್ ಎಂದು ಮಕ್ಕಳೇ ಹೇಳಬಲ್ಲರು.

ಮೌಲ್ಯಮಾಪನದ ಪ್ರಶ್ನೆ: ನಾಲ್ಕು ವಾಹಿನಿಗಳಲ್ಲಿ ಎರಡು ಒಂದು ಅಳತೆಯನ್ನೂ ಉಳಿದೆರಡು ಇನ್ನೊಂದನ್ನೂ ಹೇಳಿದರೆ ಏನು ಮಾಡಬೇಕು? ಇಲ್ಲಿ ಉತ್ತರಕ್ಕಿಂತ ಮಕ್ಕಳು ಕೊಡುವ ಕಾರಣಕ್ಕೆ ಅಂಕ ಕೊಡಿ.