ಸರ್ವರ್ ಹಂಚುವ ವಿಳಾಸಗಳಿಗೂ ಬೇಕು ಕಿರ್ದಿ

ಸಣ್ಣ ಕಾರ್ಖಾನೆಯೊಂದರ ಸರ್ವರ್‌ನಿಂದ ಮಂಗಳವಾರ ರಾತ್ರಿ ಗ್ರಾಹಕರ ದರಪಟ್ಟಿ ನಕಲಾಗಿ ಹೋಗಿದೆಯೆಂದು ಭಾವಿಸಬಹುದು. ಸರ್ವರ್‌ನ ದಾಖಲೆಯಲ್ಲಿ ಸಿಗುವುದು 192.168.1.57 ಎಂಬ ಸಂಖ್ಯೆ ಮಾತ್ರ. ಮಾಲೀಕರಿಗೆ ವಿಷಯ ತಿಳಿಯುವುದು ಹತ್ತು ದಿನಗಳ ತರುವಾಯ. ಆ ವೇಳೆಗೆ ಅದೇ ಸಂಖ್ಯೆ ಬೇರೊಬ್ಬ ಗುಮಾಸ್ತರ ಗಣಕಕ್ಕೆ ಸೇರಿದ್ದರೆ, ಏನೂ ಅರಿಯದ ಅವರ ಮೇಲೆ ಅನುಮಾನ ಬೀಳುತ್ತದೆ.

ಕಚೇರಿಯ ಗಣಕಗಳಿಗೆ ಇಂತಹ ಐಪಿ ವಿಳಾಸಗಳನ್ನು ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. 1993ರಲ್ಲಿ ಮೊದಲಿಗೆ ಪ್ರಕಟವಾದ ಇದರ ನಿಯಮಾವಳಿ 1997ರಲ್ಲಿ ಪರಿಷ್ಕೃತಗೊಂಡಿತು. ವಸತಿಗೃಹದ ಕೊಠಡಿಯಂತೆ ವಿಳಾಸವನ್ನು ನಿಗದಿತ ಅವಧಿಗೆ ಮಾತ್ರ ಕೊಡಲಾಗುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಬದಲಾಯಿಸದಿದ್ದರೆ ಈ ಅವಧಿ 8 ದಿನ. ನವೀಕರಿಸದೆ ಬಿಟ್ಟ ವಿಳಾಸ ಮತ್ತೊಂದು ಯಂತ್ರಕ್ಕೆ ಹೋಗಬಹುದು.

ಸರ್ವರ್‌ನ ಪರದೆಯಲ್ಲಿ ಕಾಣುವ ಹಂಚಿಕೆಯ ಪಟ್ಟಿ ಖಾತೆಯ ಇಂದಿನ ಶಿಲ್ಕಿನಂತೆ. ಈಗ ಯಾರ ಬಳಿ ಏನಿದೆ ಎಂಬುದಷ್ಟನ್ನೇ ತೋರಿಸುತ್ತದೆ. ಹಿಂದಿನ ವ್ಯವಹಾರ ತಿಳಿಯಲು ಕಿರ್ದಿಯೇ ಬೇಕು. ವಿಂಡೋಸ್ ಸರ್ವರ್‌ನಲ್ಲಿ ಆ ಕಿರ್ದಿ ಸಿಸ್ಟಂ32ರ ಒಳಗಿನ ಡಿಎಚ್‌ಸಿಪಿ ಫೋಲ್ಡರ್‌ನಲ್ಲಿ, ವಾರದ ಒಂದೊಂದು ದಿನದ ಹೆಸರಿನ ಕಡತವಾಗಿ ಇರುತ್ತದೆ. ಪ್ರತಿ ಸಾಲಿನಲ್ಲೂ ಘಟನೆಯ ಸಂಕೇತ, ದಿನಾಂಕ, ಸಮಯ, ಐಪಿ ವಿಳಾಸ, ಗಣಕದ ಹೆಸರು, ಜಾಲಕಾರ್ಡಿನ ಮ್ಯಾಕ್ ವಿಳಾಸ ಕಾಣಸಿಗುತ್ತವೆ. ಸಂಕೇತ 10 ಎಂದರೆ ಹೊಸ ಹಂಚಿಕೆ, 11 ನವೀಕರಣ, 12 ಬಿಡುಗಡೆ. 14 ಕಂಡುಬಂದರೆ ಕೊಡಲು ವಿಳಾಸಗಳೇ ಉಳಿದಿಲ್ಲವೆಂದು ಅರ್ಥ. "ನೆಟ್ ಬರುತ್ತಿಲ್ಲ" ಎಂಬ ದೂರಿಗೆ ಕೆಲವೊಮ್ಮೆ ಇದೇ ಕಾರಣ.

ತೊಂದರೆ ಇರುವುದು ಕಡತದ ಆಯುಷ್ಯದಲ್ಲಿ. ಮುಂದಿನ ಮಂಗಳವಾರ ಬಂದೊಡನೆ ಹಿಂದಿನ ಮಂಗಳವಾರದ ಕಡತದ ಮೇಲೆಯೇ ಹೊಸ ಬರಹ ಬೀಳುತ್ತದೆ. ಏಳು ದಿನ ಕಳೆದರೆ ಸಾಕ್ಷ್ಯವಿಲ್ಲ. ಆದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದೂ ನಿಗದಿತ ಬಗೆಯ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ವಿಧಿಸಿದೆ. ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಕೊಟ್ಟಿದ್ದ ಕಾಲಾವಕಾಶವೂ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು.

ಪರಿಹಾರಕ್ಕೆ ಭಾರೀ ವೆಚ್ಚವೇನೂ ತಗಲುವುದಿಲ್ಲ. ನಿತ್ಯವೂ ಹಿಂದಿನ ದಿನದ ಕಡತವನ್ನು ದಿನಾಂಕದ ಹೆಸರು ಕೊಟ್ಟು ಬೇರೊಂದು ಯಂತ್ರಕ್ಕೆ ತಾನಾಗಿಯೇ ನಕಲಿಸುವ ಏರ್ಪಾಡನ್ನು ಜಾಲದ ನಿರ್ವಾಹಕರು ಕೆಲವೇ ನಿಮಿಷಗಳಲ್ಲಿ ಮಾಡಬಲ್ಲರು. ಲಿನಕ್ಸ್ ಬಳಸುವವರು ಹಳೆಯ ಲಾಗ್ ಅಳಿಸುವ ಅವಧಿಯನ್ನು ಪರಿಶೀಲಿಸಬೇಕು. ಸರ್ವರ್‌ನ ಗಡಿಯಾರವೂ ಸರಿಯಿರಬೇಕು; ಹತ್ತು ನಿಮಿಷದ ವ್ಯತ್ಯಾಸವೂ ಒಬ್ಬರ ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟಬಲ್ಲದು.

ಈ ದಾಖಲೆ ಹೇಳುವುದು ಯಂತ್ರದ ಕಥೆಯನ್ನು, ಮನುಷ್ಯನದನ್ನಲ್ಲ. ಕೈಯಿಂದ ವಿಳಾಸ ನಮೂದಿಸಿಕೊಂಡ ಗಣಕ ಇದರಲ್ಲಿ ಕಾಣುವುದೇ ಇಲ್ಲ. 2019ರ ಆಂಡ್ರಾಯ್ಡ್ 10 ಹಾಗೂ 2020ರ ಐಒಎಸ್ 14ರಿಂದೀಚೆಗೆ ಮೊಬೈಲ್ ಫೋನುಗಳು ವೈ-ಫೈನಲ್ಲಿ ನಿಜವಾದ ಮ್ಯಾಕ್ ವಿಳಾಸದ ಬದಲು ಕೃತಕವಾದುದನ್ನು ತೋರಿಸಬಲ್ಲವು. ಆದುದರಿಂದ ಕಚೇರಿಯ ಪ್ರತಿ ಗಣಕದ ಮ್ಯಾಕ್ ವಿಳಾಸ, ಅದನ್ನು ಬಳಸುವವರ ಹೆಸರು, ಕೊಟ್ಟ ದಿನಾಂಕ ಇವಿಷ್ಟನ್ನು ಆಸ್ತಿ ವಹಿಯಲ್ಲಿ ಬರೆದಿಟ್ಟು, ಲಾಗಿನ್ ದಾಖಲೆಯೊಡನೆ ತಾಳೆ ನೋಡಿದ ಮೇಲೆಯೇ ಸಿಬ್ಬಂದಿಯನ್ನು ಪ್ರಶ್ನಿಸುವುದು ಯುಕ್ತ.