ಕಿವಿಗೊಂದು ಕತೆ

ಕತೆ ಓದುವ ಸುಖ ಒಂದು, ಕೇಳುವ ಸುಖ ಇನ್ನೊಂದು. ಓದಲು ಅಕ್ಷರ ಬೇಕು, ಕಣ್ಣು ಬೇಕು, ಕೈಗೆ ಬಿಡುವು ಬೇಕು. ಕೇಳಲು ಕಿವಿಯೊಂದಿದ್ದರೆ ಸಾಕು. ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ ಅಚ್ಚಾದ ಕತೆಯನ್ನೂ ಸವಿಯಬಹುದೆಂದು ನಮಗೆ ತೋರಿಸಿಕೊಟ್ಟದ್ದು ರೇಡಿಯೋ.

ಕನ್ನಡ ನಾಡಿನಲ್ಲಿ ಮೊದಲ ಬಾನುಲಿ ಮೊಳಗಿದ್ದು 1935ರಲ್ಲಿ, ಮೈಸೂರಿನ ಡಾ. ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ. ನಮ್ಮ ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ವರಕವಿ ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು. ಲೇಖಕ ಎನ್ಕೆ ಕುಲಕರ್ಣಿಯವರು ಅಲ್ಲಿ ಕೆಲಸ ಮಾಡಿದರು. ಬರೆಯುವವರೇ ಬಾನುಲಿಯಲ್ಲಿದ್ದದ್ದು ಕೇಳುವವರ ಪುಣ್ಯ.

ಕತೆಗಳಿಗೆ ಹೆಸರಾದ ಐರ್ಲೆಂಡ್ ದೇಶದಲ್ಲಿಯೂ ಹೀಗೇ. ಅಲ್ಲಿಯ ಬಾನುಲಿಯಲ್ಲಿ ದುಡಿದ ಲೇಖಕ ಫ್ರಾನ್ಸಿಸ್ ಮ್ಯಾಕ್‌ಮ್ಯಾನಸ್ ಅವರ ನೆನಪಿಗೆಂದು 1986ರಲ್ಲಿ ಸಣ್ಣಕತೆಯ ಸ್ಪರ್ಧೆ ಶುರುವಾಯಿತು. ಗೆದ್ದ ಕತೆಯನ್ನು ನಟ-ನಟಿಯರು ರೇಡಿಯೋದಲ್ಲಿ ಓದುತ್ತಾರೆ. ಹೆಸರಾಂತ ಕತೆಗಾರ ಫ್ರಾಂಕ್ ಓಕಾನರ್ (1903–1966) ತಮ್ಮ ಕತೆಗಳನ್ನು ತಾವೇ ರೇಡಿಯೋದಲ್ಲಿ ಓದುತ್ತಿದ್ದರು. ಕತೆಯೊಳಗೆ ಮನುಷ್ಯ ಮಾತಾಡುವ ದನಿ ಕೇಳಿಸಬೇಕೆಂಬುದು ಅವರ ಮತ.

ಇದೆಲ್ಲ ಗುಡಗೇರಿಯಂಥ ಊರಿನವರಿಗೆ ಯಾಕೆ ಅನ್ನಬೇಡಿರಿ. ನಮ್ಮ ಅತ್ತೆಯವರು ಸಾಲಿ ಕಂಡವರಲ್ಲ. ಈಗ ಕಣ್ಣೂ ಮಂಜು, ಟಿ.ವಿ. ಕಾಣುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವರಿಗೆ ಒಂದು ಕತೆ ಓದುತ್ತೇನೆ. ಒಂದಿನ ಹಾಲು ಉಕ್ಕೀತೆಂದು ನಡುವೆ ಎದ್ದೆ. "ಉಕ್ಕಿದ್ರ ಉಕ್ಕಲಿ ತಂಗಿ, ಆ ಹುಡುಗಿ ತವರಮನಿ ಮುಟ್ಟಿದ್ಲೋ ಇಲ್ಲೋ, ಅಷ್ಟು ಹೇಳಿ ಹೋಗು" ಅಂದರು. ಇಷ್ಟು ವರ್ಷ ಈ ಜೀವಕ್ಕೆ ಪುಸ್ತಕದ ಬಾಗಿಲು ಮುಚ್ಚಿತ್ತಲ್ಲ ಎಂದು ಕರುಳು ಚುರ್ ಅಂದಿತು.

ನೀವೂ ಓದಿ ಹೇಳಿರಿ. ಇಷ್ಟು ಗಮನವಿರಲಿ:

* ಹದಿನೈದು ನಿಮಿಷದಲ್ಲಿ ಮುಗಿಯುವ, ಪಾತ್ರಗಳು ಕಡಿಮೆ ಇರುವ ಕತೆ ಆರಿಸಿರಿ. ತ್ರಿವೇಣಿ, ಕೊಡಗಿನ ಗೌರಮ್ಮ, ಶಾಂತಾದೇವಿ ಕಣವಿ ಇವರ ಸಣ್ಣಕತೆಗಳನ್ನು ನೋಡಿರಿ.

* ಮೊದಲು ಮನಸ್ಸಿನಲ್ಲೇ ಒಮ್ಮೆ ಓದಿಕೊಳ್ಳಿರಿ.

* ಕೇಳುವವರು ಪುಟ ಹಿಂದಕ್ಕೆ ತಿರುವಲಾರರು. ಯಾರ ಮಾತು ಎಂಬುದು ತಿಳಿಯುವಂತೆ ಹೆಸರನ್ನು ಒತ್ತಿ ಹೇಳಿರಿ.

* ನಾಟಕ ಮಾಡುವುದು ಬೇಡ. ಸಾವಕಾಶ ಓದಿದರೆ ಸಾಕು.

* ಕತೆ ಮುಗಿದ ಕೂಡಲೇ ಏಳಬೇಡಿರಿ. ಅವರು ಏನಾದರೂ ಹೇಳುತ್ತಾರೆ, ಕೇಳಿರಿ.

ಆಕಾಶವಾಣಿ ಈಗ ಮೊಬೈಲಿನಲ್ಲಿಯೂ ಬರುತ್ತದೆ, ಮಕ್ಕಳಿಗೆ ಹೇಳಿ ಹಚ್ಚಿಸಿಕೊಳ್ಳಿರಿ. ಆದರೆ ಮನೆಯವರ ದನಿಯಲ್ಲಿ ಕೇಳಿದ ಕತೆಯ ರುಚಿಯೇ ಬೇರೆ. ಅದಕ್ಕೆ ಖರ್ಚೂ ಇಲ್ಲ, ಕರೆಂಟೂ ಬೇಕಿಲ್ಲ.